ಅಣಬೆ ಕೊಡುವ ಗೈಡ್ ಮತ್ತು ಲಿಥಿಯಂ ಮಾತ್ರೆ

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 29 ವರ್ಷ. ಮನಸ್ಸು ಒಮ್ಮೆ ವಿಪರೀತ ಏರಿ (ಉನ್ಮಾದ), ಒಮ್ಮೆ ಖಿನ್ನತೆಗೆ ಕುಸಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತಗೋತಾನೆ. ಗೋವಾದಲ್ಲಿ ಒಬ್ಬ ಗೈಡ್ ಸೈಕೆಡೆಲಿಕ್ (ಭ್ರಮೆ ಹುಟ್ಟಿಸುವ) ಅಣಬೆ ಕೊಟ್ಟು, ಇಡೀ ದಿನ ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತಾನಂತೆ. ಎರಡು ವಾರ ಮೊದಲೇ ಮಾತ್ರೆ ಬಿಡು, ಮನೆಯಲ್ಲಿ ಹೇಳಬೇಡ ಅಂತ ವಾಟ್ಸಾಪ್ ಮಾಡಿದ್ದಾನೆ. ವಿದೇಶದಲ್ಲಿ ಡಾಕ್ಟರೇ ಕೊಡ್ತಾರೆ ಅಂತಾನೆ ತಮ್ಮ. ಕಳಿಸಬಹುದಾ?
– ಒಬ್ಬ ಅಕ್ಕ, ಬಾಗಲಕೋಟೆ

ಉತ್ತರ: ಬೇಡ ತಂಗಿ, ಖಂಡಿತ ಕಳಿಸಬೇಡಿ.

ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಅಣಬೆಯಲ್ಲಿರುವುದು ಸೈಲೋಸೈಬಿನ್. ಔಷಧಿಗೆ ಬಗ್ಗದ ಖಿನ್ನತೆ ಇದ್ದ 233 ಜನರ ಮೇಲೆ ನಡೆದ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ಒಂದೇ ಸಲ 25 ಮಿಲಿಗ್ರಾಂ ಪಡೆದವರಿಗೆ, 1 ಮಿಲಿಗ್ರಾಂ ಪಡೆದವರಿಗಿಂತ ಮೂರು ವಾರದಲ್ಲಿ ಜಾಸ್ತಿ ಗುಣ ಕಂಡಿತು. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಇಂಥ ಖಿನ್ನತೆಗೆ ಅದನ್ನು ಕೊಡಬಹುದು. ಆದರೆ ಬೈಪೋಲಾರ್ ಇದ್ದವರನ್ನು ಈ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ.

ಗೈಡ್‌ಗಳ ಕ್ರಮವೂ ಆಸ್ಪತ್ರೆಯದ್ದನ್ನೇ ಹೋಲುತ್ತದೆ. ಮೊದಲು ಮಾತುಕತೆ, ಆಮೇಲೆ ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಐದಾರು ಗಂಟೆ ಪಕ್ಕದಲ್ಲೇ ಕಾವಲು, ಮರುದಿನ ಅನುಭವದ ಚರ್ಚೆ. ಕೆಲವರು ನಿಜವಾದ ಕಾಳಜಿಯಿಂದಲೇ ಮಾಡುತ್ತಾರೆ. ಆದರೆ ಒಣಗಿದ ಅಣಬೆಯಲ್ಲಿ ಮದ್ದಿನ ಅಂಶ ಎಷ್ಟಿದೆ ಅಂತ ತೂಕ ಹಾಕಿದರೆ ಗೊತ್ತಾಗಲ್ಲ. ಸೈಲೋಸೈಬಿನ್ ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅಂದರೆ ಮಾದಕ ವಸ್ತು ತಡೆ ಕಾಯ್ದೆಯಡಿ ಬರುತ್ತದೆ. ಹಾಗಾಗಿ ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆಗೆ ಕರೆತರಲು ಅವರೇ ಹೆದರುತ್ತಾರೆ.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಆ ವಾಟ್ಸಾಪ್ ಸಾಲು. ಲಿಥಿಯಂ ನಡೆಯುತ್ತಿರುವಾಗಲೇ ಇಂಥದ್ದು ತಗೊಂಡವರಿಗೆ ಫಿಟ್ಸ್ ಬಂದ ವರದಿಗಳಿವೆ. ಅದು ಗೊತ್ತಿದ್ದೇ ಅವನು ಮಾತ್ರೆ ಬಿಡು ಅಂದಿರಬಹುದು. ಆದರೆ ಲಿಥಿಯಂ ಥಟ್ಟನೆ ಬಿಟ್ಟರೆ ಉನ್ಮಾದ ಮರಳಿ ಬರಬಹುದು, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಹಾಗೆ ಬಿಟ್ಟವರನ್ನು ಬೆಳಗಾವಿಯ ನನ್ನ ಒಪಿಡಿಯಲ್ಲಿ ನೋಡಿದ್ದೇನೆ. ರಾತ್ರಿ ಎರಡಕ್ಕೆ ಅಂಗಡಿ ಬಾಗಿಲು ತೆಗೆದು ಕೂತವರು, ಕಬ್ಬಿನ ಹೊಲ ಬಂದಷ್ಟಕ್ಕೆ ಮಾರಲು ಹೊರಟವರು. ಅಂಥ ಹೊತ್ತಲ್ಲಿ ಮೇಲಿಂದ ಅಣಬೆ ಬೇರೆ ಬಿದ್ದರೆ ಏನಾದೀತು, ಯೋಚಿಸಿ.

ತಮ್ಮನನ್ನು ಬೈಯಬೇಡಿ. ಮಾತ್ರೆಯಿಂದ ಏನು ತೊಂದರೆ ಆಗ್ತಿದೆ ಅಂತ ಕೇಳಿ. ಕೈ ನಡುಗುತ್ತಾ, ತೂಕ ಏರಿದೆಯಾ, ಮನಸ್ಸು ಮಂಕಾಗಿದೆಯಾ? ಇದಕ್ಕೆಲ್ಲ ದಾರಿ ಇದೆ. ರಕ್ತದಲ್ಲಿ ಲಿಥಿಯಂ ಮಟ್ಟ ನೋಡಿ ಅವನ ಡಾಕ್ಟರೇ ಪ್ರಮಾಣ ಸರಿ ಮಾಡಬಹುದು, ಮಾತ್ರೆ ಬದಲಿಸಲೂಬಹುದು. ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ದುಡ್ಡಿಲ್ಲ. ಈಗಾಗಲೇ ಮಾತ್ರೆ ಬಿಟ್ಟಿದ್ದು, ನಿದ್ದೆಯಿಲ್ಲದೆ ಒಂದೇ ಸಮ ಮಾತಾಡ್ತಿದ್ದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.