ಹಾರ್ಡ್‌ವೇರ್ ಪರಿಚಯ ಲೇಖನ ಕಳುಹಿಸಿದವರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಲಿರುವ ವಿದ್ಯಾರ್ಥಿಗಳಿಗೆಂದು ಕಂಪ್ಯೂಟರ್ ಹಾರ್ಡ್‌ವೇರ್ ಕುರಿತು ತಾವು ಬರೆದು ಮಂಡ್ಯದಿಂದ ಕಳುಹಿಸಿದ ಲೇಖನವನ್ನು ಮೈಸೂರಿನ ನಮ್ಮ ಕಚೇರಿಯಲ್ಲಿ ಪೂರ್ತಿ ಓದಿದೆ. ಭಾಷೆ ಅಚ್ಚುಕಟ್ಟಾಗಿದೆ, ಕಲಿಸಬೇಕೆಂಬ ತಮ್ಮ ಆಸೆ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಈ ವಿಷಯದಲ್ಲಿ ಕನ್ನಡಕ್ಕೆ ಒಳ್ಳೆಯ ಬರಹ ಬೇಕೇ ಬೇಕು ಎಂದು ನಂಬಿರುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಲೇಖನದ ಅರ್ಧಭಾಗ ಕೀಬೋರ್ಡ್, ಮೌಸ್, ಮಾನಿಟರ್, ಪ್ರಿಂಟರ್‌ಗಳ ವರ್ಣನೆಗೆ ಹೋಗಿದೆ. ಪ್ರೊಸೆಸರ್‌ಗೆ, ಅಂದರೆ ಸಿಪಿಯುಗೆ, ದಕ್ಕಿರುವುದು ‘ಸಿಪಿಯು ಕಂಪ್ಯೂಟರಿನ ಮೆದುಳು’ ಎಂಬ ಒಂದು ವಾಕ್ಯ. ಅದನ್ನು ಓದಿದವರಿಗೆ ಪ್ರೊಸೆಸರ್ ಮಾಡುವ ಕೆಲಸವೇನೆಂದು ತಿಳಿಯುವುದಿಲ್ಲ. ಅದರ ಬದಲು ಒಂದು ಸಣ್ಣ ಲೆಕ್ಕ ನಡೆಯುವುದನ್ನು ಹಂತಹಂತವಾಗಿ ತೋರಿಸಿ. ಮೆಮೊರಿಯ 200ನೇ ವಿಳಾಸದಲ್ಲಿ 7, 201ರಲ್ಲಿ 5 ಇವೆ, ಮುಂದಿನ ಸೂಚನೆಯ ವಿಳಾಸವನ್ನು ಹಿಡಿದಿಡುವ ಪ್ರೋಗ್ರಾಂ ಕೌಂಟರಿನಲ್ಲಿ 100 ಇದೆ ಎಂದಿಟ್ಟುಕೊಳ್ಳಿ. 100ನೇ ವಿಳಾಸದಲ್ಲಿರುವ ಸೂಚನೆ ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹಸ್ಥಾನವಾದ ಇನ್‌ಸ್ಟ್ರಕ್ಷನ್ ರಿಜಿಸ್ಟರಿಗೆ ಬರುತ್ತದೆ, ಕೌಂಟರ್ 101 ಆಗುತ್ತದೆ. ‘200ರಲ್ಲಿರುವುದನ್ನು ಅಕ್ಯುಮುಲೇಟರಿಗೆ ತುಂಬು’ ಎಂಬ ಆ ಸೂಚನೆಯನ್ನು ಕಂಟ್ರೋಲ್ ಯೂನಿಟ್ ಬಿಡಿಸಿ ನೋಡಿದ ಮೇಲೆ ಲೆಕ್ಕದ ಸಂಖ್ಯೆ ಇಡುವ ಆ ಅಕ್ಯುಮುಲೇಟರಿನಲ್ಲಿ 7 ಬಂದು ಕೂರುತ್ತದೆ. ಎರಡನೆಯ ಸೂಚನೆಯಂತೆ ಲೆಕ್ಕ ಮಾಡುವ ಭಾಗವಾದ ಎಎಲ್‌ಯು ಅದಕ್ಕೆ 5 ಕೂಡಿಸುತ್ತದೆ. ಮೂರನೆಯದು ಬಂದ 12ನ್ನು 202ರಲ್ಲಿ ಬರೆಯುತ್ತದೆ. ಎಷ್ಟೇ ದೊಡ್ಡ ಪ್ರೋಗ್ರಾಂ ಆದರೂ ಇಂಥ ಹೆಜ್ಜೆಗಳಿಂದಲೇ ಸಾಗುತ್ತದೆ. ಸೂಚನೆಗಳೂ ದತ್ತಾಂಶವೂ ಒಂದೇ ಮೆಮೊರಿಯಲ್ಲಿ ಸಂಖ್ಯೆಗಳ ರೂಪದಲ್ಲಿಯೇ ಇರಬಹುದೆಂದು ಜಾನ್ ವಾನ್ ನಾಯ್ಮನ್ ಎಡ್ವಾಕ್ ಎಂಬ ಕಂಪ್ಯೂಟರಿನ ಕುರಿತ 1945ರ ಕರಡು ವರದಿಯಲ್ಲಿ ವಿವರಿಸಿದ್ದನ್ನೂ, ಹಾಗೆ ಮೆಮೊರಿಯಲ್ಲಿಟ್ಟ ಪ್ರೋಗ್ರಾಂ ಒಂದನ್ನು ಮ್ಯಾಂಚೆಸ್ಟರಿನ ಪ್ರಯೋಗಯಂತ್ರ 1948ರ ಜೂನ್ 21ರಂದು ನಡೆಸಿದ್ದನ್ನೂ ಇಲ್ಲಿಯೇ ಹೇಳಬೇಕು. ತಾವು ನಾಯ್ಮನ್ ಹೆಸರನ್ನು ವಿಜ್ಞಾನಿಗಳ ಪಟ್ಟಿಯಲ್ಲಿ ಮಾತ್ರ ಇಟ್ಟಿದ್ದೀರಿ.

ಆರ್ಕಿಟೆಕ್ಚರ್ ಮತ್ತು ಆರ್ಗನೈಸೇಶನ್ ಎರಡೂ ಒಂದೇ ಎಂದು ಬರೆದಿರುವುದು ತಪ್ಪು. ಪ್ರೋಗ್ರಾಂ ಬರೆಯುವವರಿಗೆ ಕಾಣುವ ಸೂಚನೆಗಳು, ರಿಜಿಸ್ಟರುಗಳು, ವಿಳಾಸ ಹೇಳುವ ಕ್ರಮ ಮೊದಲನೆಯದಕ್ಕೆ ಸೇರುತ್ತವೆ. ಅವನ್ನು ಒಳಗೆ ಯಾವ ಸರ್ಕ್ಯೂಟುಗಳಿಂದ ಹೇಗೆ ಸಾಧಿಸಲಾಗಿದೆ ಎಂಬುದು ಎರಡನೆಯದಕ್ಕೆ. ಐಬಿಎಂ 1964ರಲ್ಲಿ ಸಿಸ್ಟಮ್/360 ಎಂಬ ಕಂಪ್ಯೂಟರ್ ಸರಣಿಯನ್ನು ಪ್ರಕಟಿಸಿದಾಗ ಬೆಲೆಯಲ್ಲೂ ವೇಗದಲ್ಲೂ ಬಹಳ ಅಂತರವಿದ್ದ ಹಲವು ಮಾದರಿಗಳಿಗೆ ಒಂದೇ ಆರ್ಕಿಟೆಕ್ಚರ್ ಕೊಟ್ಟಿತು. ಈ ಉದಾಹರಣೆ ಕೊಟ್ಟರೆ ವ್ಯತ್ಯಾಸ ತಾನಾಗಿಯೇ ಸ್ಪಷ್ಟವಾಗುತ್ತದೆ.

ಗಿಗಾಹರ್ಟ್ಸ್ (ಪ್ರೊಸೆಸರಿನ ಕ್ಲಾಕ್ ಮಿಡಿಯುವ ವೇಗ) ಹೆಚ್ಚಿದಷ್ಟೂ ಕಂಪ್ಯೂಟರ್ ವೇಗವಾಗುತ್ತದೆ ಎಂಬ ಮಾತನ್ನೂ ತೆಗೆಯಿರಿ. 2006ರಲ್ಲಿ ಬಂದ 2.4 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ ಪ್ರೊಸೆಸರ್, 3.8 ಗಿಗಾಹರ್ಟ್ಸ್‌ನ ಪೆಂಟಿಯಂ 4ನ್ನು ಹಿಂದೆ ಹಾಕಿತು, ಏಕೆಂದರೆ ಒಂದೊಂದು ಕ್ಲಾಕಿನಲ್ಲಿ, ಅಂದರೆ ಒಂದೊಂದು ಮಿಡಿತದಲ್ಲಿ, ಅದು ಹೆಚ್ಚು ಕೆಲಸ ಮುಗಿಸುತ್ತಿತ್ತು.

ಪ್ರೊಸೆಸರಿನ ಹತ್ತಿರವೇ ಇರುವ ಸಣ್ಣ, ವೇಗದ ಮೆಮೊರಿಯಾದ ಕ್ಯಾಶ್ ಬಗ್ಗೆ ಒಂದಕ್ಷರವೂ ಇಲ್ಲದಿರುವುದು ನನಗೆ ತೀರಾ ಬೇಸರ ತಂದಿತು. 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಕ್ಲಾಕ್ ನ್ಯಾನೋಸೆಕೆಂಡಿನ ಮೂರನೇ ಒಂದು ಭಾಗ. ಮುಖ್ಯ ಮೆಮೊರಿ ಉತ್ತರಿಸಲು 100 ನ್ಯಾನೋಸೆಕೆಂಡ್ ತೆಗೆದುಕೊಂಡರೆ ಪ್ರೊಸೆಸರ್ 300 ಕ್ಲಾಕುಗಳ ಕಾಲ ಕಾಯಬೇಕು. ಒಗ್ಗರಣೆಗೆ ನಿಂತವರು ಸಾಸಿವೆಗಾಗಿ ಪ್ರತಿಸಲವೂ ದೇವರಾಜ ಮಾರುಕಟ್ಟೆಗೆ ಹೋಗದೆ ಒಲೆಯ ಪಕ್ಕದ ಡಬ್ಬಿಯಲ್ಲಿ ಇಟ್ಟುಕೊಳ್ಳುವಂತೆ, ಈಗಷ್ಟೇ ಬಳಸಿದ್ದನ್ನೂ ಅದರ ನೆರೆಯ ವಿಳಾಸಗಳಲ್ಲಿರುವುದನ್ನೂ ಕ್ಯಾಶ್ ಹತ್ತಿರವೇ ಇಟ್ಟುಕೊಳ್ಳುತ್ತದೆ. ಲೂಪ್‌ಗಳಲ್ಲಿ ಅದೇ ಸೂಚನೆಗಳು ಮತ್ತೆ ಮತ್ತೆ ಬರುವುದೂ ಈ ಉಪಾಯ ಫಲಿಸಲು ಒಂದು ಕಾರಣ ಎಂಬುದನ್ನು ಮರೆಯದೆ ಸೇರಿಸಿ.

ಕೀಬೋರ್ಡು, ಪ್ರಿಂಟರುಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ, ಉಳಿದ ಜಾಗವನ್ನು ಮೇಲಿನ ಮೂರು ಸೂಚನೆಗಳ ಓಟಕ್ಕೂ ಕ್ಯಾಶ್‌ಗೂ ಕೊಟ್ಟು ಮತ್ತೆ ಬರೆದು ಕಳುಹಿಸಿ. ಪ್ರತಿ ಹಂತದಲ್ಲೂ ರಿಜಿಸ್ಟರುಗಳಲ್ಲಿರುವ ಸಂಖ್ಯೆಗಳನ್ನು ಕೋಷ್ಟಕದಲ್ಲಿ ತೋರಿಸಿದರೆ ಅದಕ್ಕೆ ಒಂದು ಪೂರ್ತಿ ಪುಟ ಬಿಡಲು ನಾನು ಸಿದ್ಧನಿದ್ದೇನೆ.

ಇತಿ,
ಸಂಪಾದಕ