ಬೀಡಿ ಕಟ್ತೇನೆ ಎಂದದ್ದೇ ತಪ್ಪಾಯಿತೇ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಓದುಗರೊಬ್ಬರು, ನಿವೃತ್ತ ಮಾಸ್ಟ್ರು, ಎರಡು ಪುಟದ ಕಾಗದ ಬರೆದಿದ್ದಾರೆ. ವಿಷಯ ಇಷ್ಟು. ಅವರ ನೆರೆಮನೆಯ ಹುಡುಗಿ ಮಧ್ಯಾಹ್ನದವರೆಗೆ ಜವಳಿ ಅಂಗಡಿಯಲ್ಲಿ ದುಡಿಯುತ್ತಾಳೆ. ದೂರಶಿಕ್ಷಣದಲ್ಲಿ ಬಿ.ಕಾಂ. ಓದುತ್ತಾಳೆ. ಜೊತೆಗೆ ಪಂಚಾಯತಿನಿಂದ ನಿರುದ್ಯೋಗ ವೇತನವನ್ನೂ ಪಡೆಯುತ್ತಾಳೆ. "ಓದುವವಳು ಓದಲಿ, ದುಡಿಯುವವಳು ದುಡಿಯಲಿ. ಮೂರೂ ಒಟ್ಟಿಗೆ ಬೇಕೆಂದರೆ ಅದು ಸರಕಾರಕ್ಕೆ ಮಾಡುವ ಮೋಸವಲ್ಲವೇ?" ಎಂದು ಕೇಳಿದ್ದಾರೆ.

ಮಾಸ್ಟ್ರೇ, ನಿಯಮ ನೋಡಿದರೆ ನೀವು ಹೇಳಿದ್ದು ಸರಿ. ಕೇರಳದ ನಿರುದ್ಯೋಗ ವೇತನ ವಿದ್ಯಾರ್ಥಿಗಳಿಗಿಲ್ಲ. ಸ್ವಂತ ವರಮಾನ ತಿಂಗಳಿಗೆ 100 ರೂಪಾಯಿ ದಾಟಿದವರಿಗೂ ಇಲ್ಲ. ಸುಳ್ಳು ಬರೆದುಕೊಡು ಎಂದು ನಾನು ಯಾರಿಗೂ ಹೇಳುವವನಲ್ಲ. ಇಷ್ಟು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಯಾಕೆಂದರೆ ನಿಮ್ಮ ಕಾಗದ ಓದಿದ ಕೂಡಲೇ ನನಗೆ ನೆನಪಾದದ್ದು ನನ್ನ ಅಕ್ಕ.

ಎಂಬತ್ತರ ದಶಕದ ಕೊನೆ. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಪ್ರಿ-ಡಿಗ್ರಿಗೆ ಪ್ರೈವೇಟಾಗಿ ಕಟ್ಟಿದ್ದಳು. ಜಗಲಿಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟು ಕೂರುತ್ತಿದ್ದಳು. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಪಕ್ಕದಲ್ಲಿ ಇತಿಹಾಸದ ಪುಸ್ತಕ. ಪುಟ ಹಾರದಂತೆ ಅದರ ಮೇಲೆ ಕತ್ತರಿ. ಎಲೆ ಕತ್ತರಿಸಲು ಕತ್ತರಿ ಎತ್ತಿದರೆ ಗಾಳಿಗೆ ಪುಟ ಮಗುಚಿಕೊಳ್ಳುತ್ತಿತ್ತು. ಆಗ "ಎಲ್ಲಿದ್ದೆ ಮಾರಾಯಾ, ಹುಡುಕಿಕೊಡು" ಎಂದು ನನ್ನನ್ನು ಕರೆಯುತ್ತಿದ್ದಳು. ಆ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ತೆರೆದರೆ ಹೊಗೆಸೊಪ್ಪಿನ ವಾಸನೆ ಇನ್ನೂ ಇದೆ.

ನಿರುದ್ಯೋಗ ವೇತನಕ್ಕೆ ಅರ್ಜಿ ಹಾಕಿದ್ದಳು. ಕಚೇರಿಯಲ್ಲಿ ಗುಮಾಸ್ತರು "ಈಗ ಏನು ಮಾಡ್ತೀ?" ಎಂದು ಕೇಳಿದರು. "ಬೀಡಿ ಕಟ್ತೇನೆ, ಓದ್ತೇನೆ" ಎಂದಳು. ಅಲ್ಲೇ ಗೀಟು ಬಿತ್ತು. ಹಿಂದೆ ನಿಂತಿದ್ದ ಅವಳ ಗೆಳತಿಯೂ ಬೀಡಿ ಕಟ್ಟುವವಳೇ. ಅವಳು ಗೀಟು ಬಿದ್ದದ್ದನ್ನು ಕಂಡು "ಮನೆಯಲ್ಲಿ ಸುಮ್ನೆ ಇದ್ದೇನೆ" ಎಂದಳು. ಅವಳಿಗೆ ಮಂಜೂರಾಯಿತು. ಗೆಳತಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಸಿಟ್ಟಿರುವುದು ದುಡಿಯುತ್ತೇನೆ ಎಂದವಳನ್ನು ಹೊರಗೆ ಹಾಕಿ, ಸುಮ್ನೆ ಇದ್ದೇನೆ ಎಂದವಳನ್ನು ಒಳಗೆ ಕರೆಯುವ ಆ ಲೆಕ್ಕದ ಮೇಲೆ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಯೋಜನೆ ಬಂದದ್ದು 1982ರಲ್ಲಿ. ಕೊಡುವ ಮೊತ್ತ ತಿಂಗಳಿಗೆ 120 ರೂಪಾಯಿ. ಇಡೀ ಕುಟುಂಬದ ವಾರ್ಷಿಕ ವರಮಾನ 12,000 ದಾಟಬಾರದು. ಉದ್ಯೋಗ ಖಾತರಿಯಲ್ಲಿ ಕೇರಳದ ದಿನಗೂಲಿ 2024-25ರಲ್ಲಿ 346 ರೂಪಾಯಿ ಇತ್ತು. ಅಮ್ಮ ವರ್ಷಕ್ಕೆ 35 ದಿನ ಕಾಡು ಕಡಿಯಲು, ತೋಡು ಹೂಳೆತ್ತಲು ಹೋದರೆ 12,110 ಆಯಿತು. ಅಲ್ಲಿಗೆ ಮಗಳ ವೇತನ ಹೋಯಿತು! ಮಗಳ ಸ್ವಂತ ವರಮಾನದ ಮಿತಿಯಾದ 100 ರೂಪಾಯಿ ಅಮ್ಮನ ಅರ್ಧ ದಿನದ ಕೂಲಿಗೂ ಸಾಲದು. ಈ ಮಿತಿಯೊಳಗೆ ನಿಜ ಹೇಳಿಕೊಂಡು ಬದುಕುವ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟಿದ್ದೀತು, ನೀವೇ ಹೇಳಿ.

ಬೇರೆ ದಾರಿ ಇಲ್ಲವೆಂದಲ್ಲ. ಕೆಲಸವಿಲ್ಲದವರಿಗೆ, ಕಡಿಮೆ ವರಮಾನದವರಿಗೆ ಬ್ರಿಟನ್ ಸರಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿನ ಬಗ್ಗೆ ಓದುತ್ತಿದ್ದೆ. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಕೆಲಸಕ್ಕೆ ಹೋದ ತಕ್ಷಣ ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ. ದುಡಿದ ಪೌಂಡಿಗೆ ಇಷ್ಟು ಪೆನ್ಸ್ ಎಂದು ನೆರವು ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲು 63 ಪೆನ್ಸ್ ಕಡಿಯುತ್ತಿದ್ದರು, 2021ರ ಕೊನೆಗೆ 55ಕ್ಕೆ ಇಳಿಸಿದರು. ದುಡಿದರೆ ಕೈಯಲ್ಲಿ ಒಂದಿಷ್ಟಾದರೂ ಜಾಸ್ತಿ ಉಳಿಯುತ್ತದೆ. ಆದಾಯ ಹೇಳಿಕೊಳ್ಳಲು ಹೆದರಿಕೆಯೂ ಕಡಿಮೆ. ನಮ್ಮಲ್ಲಿ ಮಿತಿಯಿಂದ ಒಂದು ರೂಪಾಯಿ ಹೆಚ್ಚಾದರೂ ಪೂರ್ತಿ ಹೋಯಿತು. ಇದು ಮೆಟ್ಟಿಲಿಲ್ಲದ ಬಾವಿ, ಅಲ್ವಾ?

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಕೆಲಸ ಸಿಗದ ಯುವಜನರಿಗೆ ಯುವನಿಧಿ ಇದೆ. 2024ರ ಜನವರಿಯಲ್ಲಿ ಹಣ ಕೊಡಲು ಶುರು ಮಾಡಿದರು. ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅಲ್ಲೂ ಮುಂದೆ ಓದುವವರಿಗಿಲ್ಲ, ಕೆಲಸ ಸಿಕ್ಕಿದವರಿಗಿಲ್ಲ. ನಮ್ಮ ಮಕ್ಕಳಿಗಂತೂ ಆ ಬಾಗಿಲೇ ಇಲ್ಲ. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು ಎನ್ನುತ್ತಾರೆ. ಮಂಜೇಶ್ವರದಿಂದ ದಿನಾ ಬಸ್ಸು ಹತ್ತಿ ಮಂಗಳೂರಿಗೆ ಹೋಗುವ ಹುಡುಗ ಮೂರು ವರ್ಷದ ಡಿಗ್ರಿಗೆ ಎರಡು ವರ್ಷದ ಎಂ.ಎ. ಸೇರಿಸಿದರೂ ಐದೇ ಆಗುತ್ತದೆ. 1956ರಲ್ಲಿ ರಾಜ್ಯಗಳ ಗಡಿಗೆರೆ ಎಳೆದವರು ಇವನನ್ನು ಕೇಳಿ ಎಳೆಯಲಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಕಾಸರಗೋಡು ನಮ್ಮದು ಎಂದು ಭಾಷಣ ಮಾಡುವವರು ಇವನಿಗಾಗಿ ಆ ನಿಯಮಕ್ಕೆ ಒಂದು ಸಾಲು ಸೇರಿಸಬಹುದಿತ್ತು.

ನಿಮ್ಮ ಕಾಗದದ ಕೊನೆಯಲ್ಲಿ "ಅವಳು ಸಹಿ ಹಾಕಿದ ಸತ್ಯಪತ್ರ ಮಲಯಾಳದಲ್ಲಿತ್ತು, ಓದಲು ಬರುವುದಿಲ್ಲ ಎನ್ನುತ್ತಾಳೆ" ಎಂದು ಬರೆದಿದ್ದೀರಿ. ಅದನ್ನು ನೆಪ ಎಂದಿದ್ದೀರಿ. ಮಾಸ್ಟ್ರೇ, ಇಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಬೇಸರ. ನೀವು ಕನ್ನಡ ಮಾಧ್ಯಮದಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ನೀವು ಕಲಿಸಿದ ಅಕ್ಷರದಲ್ಲಿ ಆ ಹುಡುಗಿಗೆ ಅರ್ಜಿ ಸಿಗಲಿಲ್ಲ ಎಂಬುದು ನಿಮಗೆ ಚುಚ್ಚಬೇಕಿತ್ತು. ಕೇರಳದ ಅಧಿಕೃತ ಭಾಷೆಗಳ ಕಾನೂನು 1969ರದ್ದು. ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸರಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಅದರಲ್ಲಿದೆ. ಅರ್ಧ ಶತಮಾನ ಕಳೆಯಿತು. ಓದಲಾಗದ ಕಾಗದಕ್ಕೆ ಸಹಿ ಹಾಕುವುದು ನಮಗೆ ಅಭ್ಯಾಸವೇ ಆಗಿಬಿಟ್ಟಿದೆ.

ಒಂದು ಕೆಲಸ ಮಾಡಿ. ಹುಡುಗಿಯನ್ನು ಕರೆದು ಕೂರಿಸಿ. ಅಂಗಡಿಯ ಸಂಬಳ ಎಷ್ಟು, ಓದುವುದು ಏನು ಎಂದು ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಬರೆಸಿ ಪಂಚಾಯತಿಗೆ ಕೊಡಿಸಿ. 120 ರೂಪಾಯಿ ನಿಂತರೆ ನಿಲ್ಲಲಿ. ಓದುತ್ತಾ ದುಡಿಯುವವರಿಗೆ ಬೇರೆ ಯಾವ ನೆರವು ಇದೆ ಎಂದೂ ಅದೇ ಅರ್ಜಿಯಲ್ಲಿ ಕೇಳಿಸಿ. ಕನ್ನಡದಲ್ಲಿ ಉತ್ತರ ಬಂದರೆ ನನಗೆ ಕಳುಹಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ. ಬಾರದಿದ್ದರೆ ಅರ್ಜಿಯ ನಕಲನ್ನೇ ಕಳುಹಿಸಿ. ತಾರೀಕು ಸಮೇತ ಹಾಕುತ್ತೇನೆ.