ಕಪ್ ಹೊಟ್ಟಿಗಿ ಏರಂಗಿಲ್ಲ ತಂಗಿ

ಮುಟ್ಟಿನ ಕಪ್ (ಮುಟ್ಟಿನ ರಕ್ತ ಹಿಡಿಲಾಕ ಯೋನಿಯೊಳಗ ಇಡೋ ಮೆತ್ತನ್ನ ಬಟ್ಟಲು) ಹಾಕ್ಕೊಂಡ್ರ ಒಂದಕ್ಕ ಹೋಗ್ಲಾಕ ಆಗ್ತದೇನು, ಅದು ಹೊಟ್ಟಿಗಿ ಏರಿದ್ರ ಹ್ಯಾಂಗ, ಲಗ್ನಕ್ಕ ಮುಂಚೆ ಕನ್ಯಾಪರದೆ ಹರದ್ರ ಹ್ಯಾಂಗ ಅಂತ ಕೇಳಿದಿ. ಒಂದಕ್ಕ ಆರಾಮ ಹೋಗಬಹುದು, ಮೂತ್ರದ ತೂತು ಬ್ಯಾರೆ, ಅದರ ಕೆಳಗ ಯೋನಿ ಬ್ಯಾರೆ, ಎರಡು ಮಕ್ಕಳಾದವ್ರಿಗೂ ಇದು ಗೊತ್ತಿರಂಗಿಲ್ಲ ನಮ್ ಕಡಿ. ಹೊಟ್ಟಿಗಂತೂ ಹೋಗಂಗಿಲ್ಲ, ಯೋನಿ ಬೆರಳುದ್ದದ ದಾರಿ ಅಷ್ಟೇ, ತುದೀಗಿ ಗರ್ಭಕೊರಳು, ಅಂದ್ರ ಗರ್ಭಚೀಲದ ಬಾಯಿ ಅದ, ಮುಟ್ಟಿದ್ರ ಮೂಗಿನ ತುದಿ ಹಂಗ ಹತ್ತತದ, ಅದರ ನಡುವಿನ ತೂತು ಮುಟ್ಟಿನ ರಕ್ತ ಇಳಿಯೋವಷ್ಟೇ ಸಣ್ದು, ಕಪ್ ದಾಟೋ ಮಾತೇ ಇಲ್ಲ. ಕೈಗಿ ಸಿಗಲಿಲ್ಲಂದ್ರ ಗಾಬ್ರಿ ಆಗ್ಬ್ಯಾಡ, ಕುಕ್ಕರಗಾಲಿಲೆ ಕುಂತು ಸ್ವಲ್ಪ ತಿಣುಕು, ಕೆಳಗ ಬರ್ತದ, ಕಪ್ಪಿನ ಬುಡ ಒತ್ತಿ ಹಿಡಿತ ಬಿಡ್ಸಿ ತೆಗಿ, ಬರೀ ದಂಟು ಹಿಡ್ದು ಜಗ್ಗಬ್ಯಾಡ ನೋಡು.

ಪರದೆ ಅನ್ನೋದು ಯೋನಿ ಬಾಯಿ ಅಂಚಿಗಿ ಇರೋ ತೆಳು ಚರ್ಮದ ಮಡಿಕಿ, ಪೂರ್ತಿ ಮುಚ್ಚಿದ್ರ ಮುಟ್ಟಿನ ರಕ್ತ ಹ್ಯಾಂಗ ಹೊರಗ ಬರ್ತಿತ್ತು? ಕಪ್‌ನಿಂದ ಹಿಗ್ಗಬಹುದು, ಒಮ್ಮೊಮ್ಮೆ ಹರೀಬಹುದು, ಆದ್ರ ಅದನ್ನ ನೋಡಿ ಹುಡುಗಿ ಯಾರ ಜೋಡಿನರೆ ಕೂಡ್ಯಾಳೋ ಇಲ್ಲೋ ಅಂತ ಹೇಳ್ಲಾಕ ಯಾವ ಡಾಕ್ಟರಿಗೂ ಆಗಂಗಿಲ್ಲ, 2022ರಾಗ ಸುಪ್ರೀಂ ಕೋರ್ಟ್ ಸೈತ ಯೋನಿಯೊಳಗ ಬೆರಳು ಹಾಕಿ ಇದನ್ನ ನೋಡೋ ಎರಡು ಬೆರಳಿನ ಪರೀಕ್ಷಾಕ ವೈಜ್ಞಾನಿಕ ಆಧಾರ ಇಲ್ಲ ಅಂದದ. ಅವ್ವ ಒಪ್ಪಲಿಲ್ಲಂದ್ರ ಜಗಳ ಬ್ಯಾಡ, ಸದ್ಯಕ ಪ್ಯಾಡೇ ಇರ್ಲಿ. ಒಪ್ಪಿದ್ರ ಆಳಂದದಿಂದ ಕಲಬುರಗಿ ಕಾಲೇಜಿಗಿ ದಿನಾ ಬಸ್ಸಿಗಿ ಬರೋ ನಿನಗ ಕಪ್ಪೇ ಚೊಲೋ, ರಕ್ತ ಭಾಳ ಹೋಗ್ತಿರಲಿಲ್ಲಂದ್ರ 12 ತಾಸಿನ ತನ ನಡೀತದ.